ಅತ್ತೆಯ ಮಡಿ ಸ್ವೆಟರ್

ಹೊಸೂರಿನ ಧನುರ್ಮಾಸದ ಚಳಿ ತಿಂದವರಿಗೇ ಗೊತ್ತು. ನಮಗದು ಧನುರ್ಮಾಸ, ಎದುರುಮನೆಯ ತಮಿಳರಿಗೆ ಮಾರ್ಗಳಿ. ಹಲ್ಲು ಕಟಕಟ ಅನ್ನೋದು ಮಾತ್ರ ಇಬ್ಬರಿಗೂ ಒಂದೇ. ಎಂಬತ್ತರ ದಶಕದ ಶುರು, ನಾನು ಮದುವೆಯಾಗಿ ಬಂದ ಹೊಸತು. ನಮ್ಮತ್ತೆ ಆ ತಿಂಗಳೆಲ್ಲ ನಸುಕಿಗೇ ತಣ್ಣೀರು ಸ್ನಾನ ಮಾಡಿ, ಮಡಿ ಉಟ್ಟು, ತಾವೇ ಬೇಯಿಸಿದ ಹುಗ್ಗಿಯ ಪಾತ್ರೆಯನ್ನ ಎರಡೂ ಕೈಯಲ್ಲಿ ಹಿಡಿದು ಬೀದಿ ಕೊನೆಯ ಪೆರುಮಾಳ್ ಗುಡಿಗೆ ಹೋಗೋರು. ಹೊದ್ದ ಶಾಲು ನಾಲ್ಕು ಹೆಜ್ಜೆಗೇ ಜಾರೋದು. ಕೈ ಖಾಲಿ ಇದ್ದರೆ ತಾನೇ ಎಳ್ಕೊಳ್ಳೋದು? ಯಾರಾದರೂ ಎತ್ತಿ ಹೊದಿಸೋಣ ಅಂದ್ರೆ ಮಡಿ, ಮುಟ್ಟೋ ಹಾಗಿಲ್ಲ.

ಹಿಂದಿನ ವರ್ಷ ಎದೆಗೆ ಶೀತ ಇಳಿದು ಆಸ್ಪತ್ರೆ ಸೇರಿದ್ದರು. ಅದಕ್ಕೇ ನಮ್ಮನೆಯವರು ಈ ಸಲ ತಿಂಗಳು ಶುರುವಾಗೋ ಮೊದಲೇ ಖಡಾಖಂಡಿತವಾಗಿ ಹೇಳಿಬಿಟ್ಟರು: "ಅಮ್ಮಾ, ಗುಡಿ ಗಿಡಿ ಏನೂ ಬೇಡ. ಮನೇಲೇ ಕೈಮುಗಿ."

ಅತ್ತೆ ಎದುರಾಡಲಿಲ್ಲ. ಹುಗ್ಗಿ ಪಾತ್ರೆ ತೊಳೆದು ಅಟ್ಟಕ್ಕೆ ಹಾಕಿಸಿಬಿಟ್ಟರು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಂದು ವರ್ಷವೂ ಗುಡಿ ತಪ್ಪಿಸದ ಹೆಂಗಸು. ಜಗಳಾಡಿದ್ದರೆ ನಂಗೇನೂ ಅನ್ನಿಸ್ತಿರಲಿಲ್ಲ; ಹಾಗೆ ಸುಮ್ಮನೆ ಕೂತದ್ದನ್ನ ನೋಡಕ್ಕಾಗಲಿಲ್ಲ.

ನಂಗೆ ಬಟ್ಟೆ ಕೂಡಿಡೋ ಹುಚ್ಚು. "ನಿನ್ನ ಟ್ರಂಕು ತೆಗೆದ್ರೆ ಜವಳಿ ಅಂಗಡಿ ಕಣೇ, ವ್ಯಾಪಾರ ಒಂದಿಲ್ಲ" ಅಂತ ಅತ್ತೆ ಆಡ್ಕೊಳ್ಳೋರು. ಆ ಟ್ರಂಕಿನ ತಳದಲ್ಲಿ, ನುಸಿಗುಳಿಗೆ ವಾಸನೆ ಹೊಡೆಯುತ್ತಾ, ಚಿಕ್ಕಪೇಟೆಯಲ್ಲಿ ಕೊಂಡ ಉಣ್ಣೆಯ ಹೆಣಿಗೆ ಬಟ್ಟೆ ಇತ್ತು. ಕುಂಕುಮದ ಬಣ್ಣ, ಒಳ್ಳೇ ದಪ್ಪ. ಮುಂದೆ ಗುಂಡಿ ಇರೋ ಸ್ವೆಟರ್ ಹೊಲಿದರೆ ಜಾರೋ ಮಾತೇ ಇಲ್ಲವಲ್ಲ! ಅತ್ತೆಯ ಹಳೇ ರವಿಕೆ ಅಳತೆಗಿಟ್ಟು, ಸ್ವಲ್ಪ ಸಡಿಲ ಬಿಟ್ಟು ಕತ್ತರಿಸಿದೆ. ಆ ಬಟ್ಟೆಯೋ, ಮಿಷನ್ನಿಗೆ ಕೊಟ್ಟರೆ ಹಿಗ್ಗಿ ಅಲೆ ಅಲೆಯಾಗೋದು. ಕೊನೆಗೆ ತಮಿಳು ಪೇಪರಿನ ಪಟ್ಟಿ ಅಡಿಗಿಟ್ಟು ಹೊಲಿದು, ಆಮೇಲೆ ಪೇಪರ್ ಹರಿದು ತೆಗೆದೆ.

ಅತ್ತೆ ಮುಂದೆ ಹಿಡಿದಾಗ ಅವರ ಮುಖ ಅರಳಿತು. ತೋಳು ಸವರಿದರು, ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಒಳಮಗ್ಗಲು ತಿರುಗಿಸಿ ಹೊಲಿಗೆ ನೋಡಿದರು.

"ದಾರ ಯಾವುದೇ?"

"ನೂಲಿಂದು ಅತ್ತೆ. ರೀಲಿನ ದಾರ."

ಮೆಲ್ಲಗೆ ಕೆಳಗಿಟ್ಟುಬಿಟ್ಟರು. "ಉಣ್ಣೆಗೆ ಮೈಲಿಗೆ ಇಲ್ಲ, ರೇಷ್ಮೆಗೂ ಇಲ್ಲ. ನೂಲಿಗೆ ಇದೆಯಲ್ಲೇ. ಇದನ್ನ ಹಾಕ್ಕೊಂಡು ದೇವರ ಹುಗ್ಗಿ ಹೆಂಗೆ ಮುಟ್ಲಿ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದ್ರೆ ಇದೇ. ನಂಗೆ ಮೈಯೆಲ್ಲಾ ಉರಿದುಹೋಯ್ತು. "ಹಾಗಾದ್ರೆ ಈ ಗುಂಡಿ? ಅದಕ್ಕಿಲ್ವಾ ಮಡಿ?"

"ತೊಳೆದ್ರಾಯ್ತು. ಲೋಟ ತೊಳ್ಕೊಂಡು ಕುಡಿಯಲ್ವಾ?"

ಸಾಕಪ್ಪಾ ಸಾಕು ಇವರ ಶಾಸ್ತ್ರ ಅಂತ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸ್ಕೊಂಡೆ. ಮನೆಯೆಲ್ಲಾ ಕೇಳೋ ಹಾಗೇ ಕುಕ್ಕಿದೆ.

ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಬಂದು ನೋಡ್ತೀನಿ, ಅತ್ತೆ ಜಗಲಿ ಮೇಲೆ ಕನ್ನಡಕ ಏರಿಸಿ ಕೂತು, ಸೂಜಿ ಮೊನೆಯಿಂದ ನನ್ನ ಹೊಲಿಗೆ ಬಿಚ್ತಿದ್ದಾರೆ. ಪಕ್ಕದಲ್ಲಿ ಅವರ ಧಾರೆ ಸೀರೆ. ಮಡಿಕೆ ಮಡಿಕೆಗೂ ಸೀಳುಬಿಟ್ಟಿದ್ದರೂ ಯಾರಿಗೂ ಕೊಡದೆ ಇಟ್ಕೊಂಡಿದ್ದ ರೇಷ್ಮೆ ಸೀರೆ.

"ಅಯ್ಯೋ, ಅದನ್ಯಾಕೆ ತೆಗೆದ್ರಿ ಅತ್ತೆ?"

"ಇಟ್ಕೊಂಡು ಪೂಜೆ ಮಾಡ್ಲಾ? ದಾರ ಬೇಕು ತಾನೇ. ಕೂತ್ಕೋ."

ಸೀರೆಯಿಂದ ಅಡ್ಡ ಎಳೆ ಒಂದೊಂದಾಗಿ ಬಿಡಿಸಿ, ಮೂರು ನಾಲ್ಕು ಸೇರಿಸಿ, ಬತ್ತಿ ಹೊಸೆಯೋ ಹಾಗೆ ಕಾಲ ಮೇಲೆ ಹೊಸೆದು ಕೊಟ್ಟರು. ಹಳೇ ರೇಷ್ಮೆ, ಮಿಷನ್ ತಡೆಯಲ್ಲ, ಕೈಯಲ್ಲೇ ಹೊಲಿದೆ. ದಾರ ತುಂಡಾದಾಗಲೆಲ್ಲ "ನಿಧಾನ ಕಣೇ, ನಿನ್ನ ಕೋಪಕ್ಕೆ ಹರೀತಿದೆ" ಅನ್ನೋರು. ನಗು ಬಂತು. ಆ ಸೀರೆ ಕರಗ್ತಾ ಇದ್ದದ್ದು ನೋಡಿ ಅಳೂ ಬಂತು. ಅಷ್ಟು ದಿನ ಅವರಿಗೆ ಹೆದರ್ತಿದ್ದೆ; ಆ ಜಗಲಿ ಮೇಲೆ ಅವರ ಮೇಲೆ ಪ್ರೀತಿ ಹುಟ್ಟಿತು.

ನಮ್ಮನೆಯವರು ಸ್ವೆಟರನ್ನ ಎಳೆದೂ ಜಗ್ಗಿಯೂ ನೋಡಿದರು. "ಗುಂಡಿ ಪೂರ್ತಿ ಹಾಕ್ಕೊಳ್ಳೋದಾದ್ರೆ ಹೋಗಿ ಬಾಮ್ಮ" ಅಂದು ಪಾತ್ರೆನ ತಾವೇ ಅಟ್ಟದಿಂದ ಇಳಿಸಿಕೊಟ್ಟರು.

ಧನುರ್ಮಾಸದ ಮೊದಲ ದಿನ ನಸುಕಲ್ಲಿ ಬಾಗಿಲು ತೆಗೆಯೋಕೆ ನಾನು ಎದ್ದಿದ್ದೆ. ಹೊರಗೆ ಮಂಜು, ಎದುರುಮನೆ ಕಾಣಿಸ್ತಿಲ್ಲ. ಅತ್ತೆ ಹಬೆಯಾಡೋ ಹುಗ್ಗಿ ಹಿಡಿದು ಹೊಸ್ತಿಲಿಗೆ ಬಂದರು. ಸ್ವೆಟರ್ ತೊಟ್ಟಿದ್ದಾರೆ, ಗುಂಡಿ ಹಾಕ್ಕೊಳ್ಳೋದು ಮರೆತಿದ್ದಾರೆ. ಅಭ್ಯಾಸ ಎಲ್ಲಿ? ಎದೆಗೆ ಗಾಳಿ ನುಗ್ತಿದೆ. ನಾನು ಬಾಗಿಲಿಗೆ ಒತ್ತಿಕೊಂಡು ದೂರ ನಿಂತೆ.

"ನೋಡ್ತಾ ನಿಂತಿದೀಯಲ್ಲೇ. ಹಾಕು ಗುಂಡಿ."

"ಅತ್ತೆ, ನಾನಿನ್ನೂ ಸ್ನಾನ ಮಾಡಿಲ್ಲ. ನೀವು ಮಡೀಲಿದೀರ."

"ನೀನು ಮುಟ್ಟೋದು ಉಣ್ಣೇನ ತಾನೇ? ಉಣ್ಣೆಗೆಲ್ಲಿಯ ಮೈಲಿಗೆ? ಬಾ ಹತ್ರ, ಹುಗ್ಗಿ ಆರೋಗತ್ತೆ."

ಹೋದೆ. ಕೆಳಗಿಂದ ಒಂದೊಂದೇ ಗುಂಡಿ ಹಾಕ್ತಾ ಬಂದೆ, ಕುತ್ತಿಗೆವರೆಗೂ.