ಮಗುವಿಗೆ ಕಾಫಿ

ಮಣಿಪಾಲದ ಆಸ್ಪತ್ರೆಯಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿದ ನನ್ನ ಮಗಳು ಗಾಜಿನ ಪೆಟ್ಟಿಗೆಯೊಳಗಿದ್ದಳು. ಸೋಂಕಿನ ಅನುಮಾನ ಬಂದರೆ ಒಂದು ಆಂಟಿಬಯಾಟಿಕ್, ರಿಪೋರ್ಟ್ ಸರಿ ಬಂದರೆ ಅದು ಬಂದ್, ಮತ್ತೆ ಅನುಮಾನ ಬಂದರೆ ಇನ್ನೊಂದು. ಹೆಸರು ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು. ಎಷ್ಟು ಬದಲಾದರೂ ಒಂದು ಮದ್ದು ಮಾತ್ರ ನಿಲ್ಲಲಿಲ್ಲ.

"ಮಗು ನಡುನಡುವೆ ಉಸಿರಾಡಲು ಮರೆಯುತ್ತದೆ. ಅದಕ್ಕೆ ಕೆಫೀನ್ ಕೊಡುತ್ತಿದ್ದೇವೆ" ಎಂದರು ಡಾಕ್ಟರು.

ಕಾರ್ಕಳದಿಂದ ಬಂದಿದ್ದ ನನ್ನ ಅಮ್ಮ ಮುಂದೆ ಬಂದಳು. "ಎಂತ, ಕಾಫಿಯಲ್ಲಿ ಇರುವುದು ಅದೇ ಅಲ್ವಾ?"

"ಅದೇ. ಆದರೆ ಇದಕ್ಕೆ ಅಳತೆ ಉಂಟು."

ಅಳತೆಯ ಮಾತು ಅಮ್ಮನ ತಲೆಗೆ ಹೋಗಲಿಲ್ಲ. ಬಸುರಿಯಾಗಿದ್ದಾಗ ನಾನು ಕಾಫಿ ಬಿಟ್ಟದ್ದೇ ಎಲ್ಲಕ್ಕೂ ಕಾರಣವೆಂದು ತೀರ್ಮಾನಿಸಿಬಿಟ್ಟಳು. ಮರುದಿನದಿಂದ ಕಾರ್ಕಳದ ಬಸ್ಸಿನಲ್ಲಿ ಅವಳ ಜೊತೆ ಫ್ಲಾಸ್ಕೂ ಬರತೊಡಗಿತು.

"ಕುಡಿ. ನಿನ್ನ ಹಾಲಿನಲ್ಲಿ ಬಾಲೆಗೆ ಹೋಗ್ತದೆ."

ಮಗುವಿಗೆ ಮದ್ದು ಹೋಗುತ್ತಿರುವಾಗ ನಿಮಗೆ ಕಾಫಿ ಬೇಡ ಎಂದು ನರ್ಸ್ ನನಗೆ ಮೊದಲೇ ಹೇಳಿದ್ದಳು. ಅದನ್ನು ಅಮ್ಮನಿಗೆ ವಿವರಿಸುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ಹಾಲು ಹಿಂಡುವುದು, ಕೊಡುವುದು, ಮತ್ತೆ ಹಿಂಡುವುದು, ಅಷ್ಟೇ ನನ್ನ ಬದುಕಾಗಿತ್ತು. ಕಾಪುವಿನಿಂದ ಬರುತ್ತಿದ್ದ ನನ್ನ ಗಂಡ ವರಾಂಡದಲ್ಲಿ ನಿಂತು ಫ್ಲಾಸ್ಕ್ ಖಾಲಿ ಮಾಡುತ್ತಿದ್ದರು. ಮಗು ಚೇತರಿಸಿಕೊಂಡ ದಿನಗಳಲ್ಲೆಲ್ಲ ಅದು ತನ್ನ ಕಾಫಿಯ ಗುಣವೆಂದು ಅಮ್ಮ ಬೀಗುತ್ತಿದ್ದಳು.

ಒಂದು ಬೆಳಿಗ್ಗೆ ಡಾಕ್ಟರು ಕೆಫೀನ್ ನಿಲ್ಲಿಸಿದರು. ಕೆಲವು ದಿನ ಉಸಿರು ತಪ್ಪದಿದ್ದರೆ ಮನೆಗೆ, ತಪ್ಪಿದರೆ ಮತ್ತೆ ಮೊದಲಿನಿಂದ. ಫೋನಿನಲ್ಲಿ ಸುದ್ದಿ ಕೇಳಿದ ಅಮ್ಮ ದೊಡ್ಡ ಫ್ಲಾಸ್ಕ್ ಹಿಡಿದು ಓಡಿಬಂದಳು. ವರಾಂಡದಲ್ಲಿ ಅಳಿಯನ ಕೈಯಲ್ಲಿ ನಿನ್ನೆ ಅವಳು ಬಿಟ್ಟುಹೋದ ಫ್ಲಾಸ್ಕಿನ ಮುಚ್ಚಳ, ಅದರ ತುಂಬ ಕಾಫಿ.

"ಅವಳು ಕುಡಿಯುವುದಿಲ್ವಾ?"

"ಇಲ್ಲ ಅತ್ತೆ. ಡಾಕ್ಟರೂ ನಿಲ್ಲಿಸಿದ್ದಾರೆ."

"ಹಾಗಾದರೆ ಬಾಲೆ ಈಗ ಎಂತದರಲ್ಲಿ ಉಸಿರಾಡುವುದು?"

ಅಮ್ಮ ಬೈಯಲಿಲ್ಲ. ನನ್ನ ಪಕ್ಕ ಬಂದು ಕುಳಿತು ಅತ್ತಳು, ನಾನೂ ಅತ್ತುಬಿಟ್ಟೆ.

ಉಸಿರು ತಪ್ಪಲಿಲ್ಲ. ಮಗಳನ್ನು ಕಾಪುವಿನ ಮನೆಗೆ ಕರೆತಂದೆವು. ಆಸ್ಪತ್ರೆಯಲ್ಲಿದ್ದಂತೆ ಉಸಿರು ತಪ್ಪಿದರೆ ಗಂಟೆ ಹೊಡೆಯುವ ಮೆಷಿನ್ ಇಲ್ಲಿಲ್ಲ. ಮಧ್ಯಾಹ್ನ ಅವಳು ನಿದ್ದೆ ಹೋದಾಗ ನಾನು ತೊಟ್ಟಿಲ ಮೇಲೆ ಬಾಗಿ ಅವಳ ಎದೆಯನ್ನೇ ನೋಡುತ್ತ ನಿಂತಿದ್ದೆ. ಅಮ್ಮ ಹಿಂದಿನಿಂದ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ಅದು ಉಸಿರಾಡ್ತಾ ಉಂಟು ಮಾರಾಯ್ತಿ. ನೀನು ಉಸಿರು ಬಿಡು."