ಅನುಮಾನದ ಮೇಷ್ಟ್ರ ಮರುಪರೀಕ್ಷೆ

ಅವರನ್ನು ನಾವೆಲ್ಲ ಅನುಮಾನದ ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಹಗಲು ದುಡಿದು ಸಂಜೆ ಕಲಿಯಲು ಬರುವ ದೊಡ್ಡವರಿಗೆ ಅವರು ಎಲೆಕ್ಟ್ರಿಕಲ್ ಥಿಯರಿ ಪಾಠ ಮಾಡುತ್ತಿದ್ದರು. ಪಕ್ಕದ ಶೆಡ್ಡಿನಲ್ಲಿ ನಾನು ವೆಲ್ಡಿಂಗ್ ಕಲಿಸುತ್ತಿದ್ದೆ. ಹಾಜರಿ ಕೂಗಿದರೆ ಅವರಿಗೆ ಸಾಲದು, ತಲೆ ಎಣಿಸಬೇಕು. ಗ್ಯಾಸ್ ಆಫ್ ಮಾಡಿದ್ದೇನೆ ಎಂದು ಹೆಂಡತಿ ಹೇಳಿದರೂ ಎದ್ದು ಹೋಗಿ ನೋಡಿ ಬರುವ ಆಸಾಮಿ. ಪಾಠದಲ್ಲಿ ಮಾತ್ರ ಎತ್ತಿದ ಕೈ. "ಕರೆಂಟಿಗೆ ಮುಖದಾಕ್ಷಿಣ್ಯ ಇಲ್ಲ. ಲೈನ್ ಆಫ್ ಆಗಿದೆ ಅಂತ ನಿಮ್ಮಪ್ಪ ಹೇಳಿದ್ರೂ ನಂಬಬೇಡಿ," ಎನ್ನುತ್ತಿದ್ದರು.

ಆ ವರ್ಷ ಹೊಲಿಗೆ ಕಾರ್ಖಾನೆಯಲ್ಲಿ ಕಸ ಗುಡಿಸುವ ಹೆಂಗಸೊಬ್ಬರು ಕ್ಲಾಸಿನಲ್ಲಿದ್ದರು. ನಲವತ್ತು ದಾಟಿತ್ತು, ಎಲ್ಲರಿಗೂ ಅಕ್ಕ. ಪಾಸಾದರೆ ಅಲ್ಲೇ ರಿಪೇರಿ ವಿಭಾಗದಲ್ಲಿ ಕೆಲಸ. ಇಲ್ಲದಿದ್ದರೆ ಪೊರಕೆಯೇ ಗತಿ. ಎರಡು ಸಲ ಫೇಲಾಗಿದ್ದರು, ಇದು ಕೊನೆಯ ಅವಕಾಶ. ಈ ಸಲ ಬಂದದ್ದು ತೊಂಬತ್ತೆರಡು ಅಂಕ.

ಮೇಷ್ಟ್ರಿಗೆ ಅನ್ನ ಇಳಿಯಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಉತ್ತರಪತ್ರಿಕೆಯನ್ನು ಬೆಳಕಿಗೆ ಹಿಡಿದು ನೋಡಿದರು, ಪಕ್ಕದಲ್ಲಿ ಕೂತವನ ಪತ್ರಿಕೆಗೆ ಸಾಲುಸಾಲಾಗಿ ಹೋಲಿಸಿದರು. ಆ ಪುಣ್ಯಾತ್ಮನಿಗೆ ಬಂದದ್ದು ಮೂವತ್ತೊಂದು. "ಹಾಗಾದ್ರೆ ಇನ್ನೇನೋ ಉಪಾಯ ಮಾಡಿದಾರೆ," ಎಂದರು. ನನಗೆ ಮೈ ಉರಿಯಿತು. ಕಾಪಿ ಹೊಡೆದದ್ದಕ್ಕೆ ಸಾಕ್ಷಿ ಸಿಗದಿರುವುದೇ ಅವರಿಗೆ ದೊಡ್ಡ ಸಾಕ್ಷಿ!

ಮರುದಿನ ಸಂಜೆ ಲ್ಯಾಬಿನಲ್ಲಿ ಮರುಪರೀಕ್ಷೆ. ಅಕ್ಕ ದೂರು ಕೊಟ್ಟಾರು ಎಂಬ ಅನುಮಾನಕ್ಕೆ ನನ್ನನ್ನು ಸಾಕ್ಷಿಯಾಗಿ ಕೂರಿಸಿದರು. ಇಪ್ಪತ್ತು ಪ್ರಶ್ನೆ ಕೇಳಿದರು; ಅಕ್ಕ ಎಲ್ಲಕ್ಕೂ ತಡವರಿಸದೆ ಉತ್ತರ ಕೊಟ್ಟರು. "ಬಾಯಿಪಾಠ," ಎಂದು ಗೊಣಗಿ ಮೇಷ್ಟ್ರು ಎದ್ದರು. ಮೇನ್ ಬೋರ್ಡಿನಲ್ಲಿ 'ಮೇಜು ಮೂರು' ಎಂದು ಚೀಟಿ ಅಂಟಿಸಿದ್ದ ಸ್ವಿಚ್ಚನ್ನು ಕೆಳಗೆಳೆದರು.

"ಮೂರನೇ ಮೇಜಿನ ಲೈನ್ ಆಫ್ ಮಾಡಿದೀನಿ. ಸಾಕೆಟ್ ಬಿಚ್ಚಿ, ವೈರ್ ಕಳಚಿ."

ಅಕ್ಕ ಸ್ಕ್ರೂ ಮುಟ್ಟಲಿಲ್ಲ. ಟೆಸ್ಟರ್ ಸರಿ ಇದೆಯೇ ಎಂದು ಮೊದಲು ಎದುರು ಗೋಡೆಯ ಸಾಕೆಟ್ಟಿಗೆ ಇಟ್ಟು ನೋಡಿದರು, ದೀಪ ಹತ್ತಿತು. ಆಮೇಲೆ ಮೂರನೇ ಮೇಜಿಗೆ ಬಂದು ಇಟ್ಟರು. ಅಲ್ಲೂ ಹತ್ತಿತು.

"ನಾನೇ ಆಫ್ ಮಾಡಿದೀನಲ್ರೀ! ನನ್ನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ ಸರ್. ನೀವೇ ಬಂದು ನೋಡಿ."

ಬಂದು ನೋಡಿದರು. ಅವರು ಎಳೆದದ್ದು ಬೇರೆ ಮೇಜಿನ ಸ್ವಿಚ್ಚು. ಹೋದ ವಾರ ಬೋರ್ಡಿನ ವೈರುಗಳನ್ನು ಅದಲುಬದಲು ಮಾಡಿದವರು ಅವರೇ, ಚೀಟಿ ಬದಲಿಸಲು ಮರೆತವರೂ ಅವರೇ. ಲೋಕವನ್ನೆಲ್ಲ ಅನುಮಾನಿಸಿದ ಮನುಷ್ಯ ತನ್ನ ಕೈಬರಹವನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದರು. ಬೆವೆತು ಸ್ಟೂಲಿನ ಮೇಲೆ ಕುಸಿದರು.

"ನಿಮ್ಮ ಮಾತು ನಂಬಿದ್ರೆ ಇಷ್ಟೊತ್ತಿಗೆ ಹೆಣ ಆಗಿರ್ತಿದ್ದೆ," ಎಂದ ಅಕ್ಕನಿಗೆ ಅಳು ತಡೆಯಲಾಗಲಿಲ್ಲ. "ಈಗಾದ್ರೂ ಪಾಸ್ ಮಾಡ್ತೀರಾ ಸರ್?"

ಮೇಷ್ಟ್ರು ವರದಿ ಪುಸ್ತಕ ಎಳೆದುಕೊಂಡು ಬರೆದರು: 'ಪಾಸ್. ಲೈನ್ ಆಫ್ ಆಗಿದೆಯೆಂದು ನಾನು ಹೇಳಿದ್ದು ತಪ್ಪು. ಚೀಟಿ ಬದಲಿಸದ ತಪ್ಪೂ ನನ್ನದೇ. ಅಭ್ಯರ್ಥಿ ತಾವೇ ಪರೀಕ್ಷಿಸಿ ನೋಡಿದ್ದರಿಂದ ಬದುಕಿದರು.' ಸಾಕ್ಷಿಯ ಸಹಿಗೆಂದು ಪುಸ್ತಕವನ್ನು ನನ್ನತ್ತ ತಳ್ಳಿದರು.

ಮೇಲಿನವರು ಇದನ್ನು ಓದಿದರೆ ಅವರ ನೌಕರಿಗೇ ಸಂಚಕಾರ. "ಪಾಸ್ ಅಂತಷ್ಟೇ ಬರೆದ್ರೆ ಸಾಲದಾ ಸರ್?" ಎಂದು ಮೆಲ್ಲಗೆ ಕೇಳಿದೆ.

"ಸಾಲಲ್ಲ," ಎಂದರು. "ಇವರು ಹೇಗೆ ಪಾಸಾದ್ರು ಅಂತ ನಾಳೆ ನನ್ನಂಥವನೇ ಇನ್ನೊಬ್ಬ ಅನುಮಾನ ಪಡ್ತಾನೆ."