ಕಮಲಾಪುರದ ಸಂತೆಯಲ್ಲಿ ಲಿನಕ್ಸ್

ಕೋವಿಡ್ ಇಳಿದ ಮರುವರ್ಷ ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ಬೋಧಕನಾಗಿದ್ದೆ. ಭಾನುವಾರ ಅಲ್ಲಿಯ ಗಾಜಿಪುರ ಬಡಾವಣೆಯ ಒಂದು ಕೋಣೆಯಲ್ಲಿ ನಮ್ಮ ಓಪನ್ ಸೋರ್ಸ್ ಬಳಗ ಸೇರುತ್ತಿತ್ತು. ಇದ್ದವರು ಆರೇ ಜನ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶವೇ ಓಪನ್ ಸೋರ್ಸ್, ಲಿನಕ್ಸ್ ಅಂಥದ್ದು. ನಮ್ಮ ಬಳಗ ಇರುವುದೇ ಸುತ್ತಲಿನ ಊರುಗಳಿಗೆ ಗೊತ್ತಿರಲಿಲ್ಲ. ತಿಳಿಯಲೆಂದು ಹತ್ತಿರದ ಕಮಲಾಪುರದ ಸಂತೆಯ ದಿನ ಬಸ್ ನಿಲ್ದಾಣದ ಬಳಿ ಮೇಜು ಹಾಕಿ, ಹಳೆಯ ಕಂಪ್ಯೂಟರ್‌ಗಳನ್ನು ಪುಕ್ಕಟೆ ಸರಿಮಾಡಿಕೊಡುತ್ತೇವೆಂದು ಬ್ಯಾನರ್ ಕಟ್ಟಿದೆವು.

ಮೊದಲು ತಮ್ಮ ಕಂಪ್ಯೂಟರ್ ಹೊತ್ತು ಬಂದವರು ಟೈಪಿಂಗ್ ಅಂಗಡಿಯ ಮಹಾದೇವಿ ಅಕ್ಕ. ಜೊತೆಗೆ ಶರಣಮ್ಮ ಎಂಬ ಮುದುಕಿ.

"ಭಾಳ ಸ್ಲೋ ಆಗ್ಯದರೀ ಸರ್. ಈ ಯವ್ವಂದು ಒಂದು ಅರ್ಜಿ ಪ್ರಿಂಟ್ ತಗಿಯೂದದ, ಮಧ್ಯಾಹ್ನದೊಳಗ ಕೊಡ್ರಿ."

ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡು, ಹಳೆಯದನ್ನೆಲ್ಲ ಅಳಿಸಿ ಲಿನಕ್ಸ್ ಹಾಕಿದೆ. ಯಂತ್ರ ಅರ್ಧ ನಿಮಿಷದಲ್ಲಿ ಶುರುವಾಯಿತು. ಜನ ಚಪ್ಪಾಳೆ ತಟ್ಟಿದರು. ಅಕ್ಕ ಅರ್ಜಿ ತೆರೆದರು. ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು.

"ಏನ್ ಮಾಡಿಟ್ರೀ ಸರ್! ಗಂಡನ ಹೊಲ ಈಕಿ ಹೆಸರಿಗಿ ಆಗಬಾರದಂತ ಮೈದುನ ತಕರಾರು ಹಾಕ್ಯಾನ. ಉತ್ತರ ಕೊಡ್ಲಿಕ್ಕಿ ಇವತ್ತೇ ಕಡೀ ದಿನ. ಐದಕ್ಕ ತಹಸೀಲ್ ಆಫೀಸ್ ಬಂದ್!"

"ಪುಕ್ಕಟೆ ಅಂದಾಗನ ನನಗ ಡೌಟ್ ಬಂದಿತ್ತು," ಎಂದ ಪಕ್ಕದ ಬಾಳೆಹಣ್ಣಿನವ. "ಮಷೀನ್ ಫಸ್ಟ್ ಕ್ಲಾಸ್, ಕೆಲಸ ಖಲಾಸ್!"

ನಾವೆಲ್ಲ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಯಂತ್ರಗಳೂ ಓದಬಲ್ಲ ಪದ್ಧತಿಯಲ್ಲಿ ಬರೆಯುವವರು. ಅಕ್ಕನ ಹಳೆಯ ಫಾಂಟಿನಲ್ಲಿ ಕಣ್ಣಿಗಷ್ಟೇ ಕನ್ನಡ, ಒಳಗೆ ಇಂಗ್ಲಿಷ್ ಸಂಕೇತಗಳು. ಹಳೆಯದರ ಜೊತೆ ಆ ಫಾಂಟೂ ಅಳಿದಿತ್ತು, ಕನ್ನಡವೂ ಹೋಯಿತು. ಅಳಿಸುವ ಮೊದಲು ಒಂದು ಕಡತವನ್ನೂ ನಾನು ತೆರೆದು ನೋಡಿರಲಿಲ್ಲ. ನಮ್ಮಪ್ಪನಿಗೆ ಸಹಿ ಬರುತ್ತಿರಲಿಲ್ಲ; ಅರ್ಜಿ ಬರೆಸಲು ಅವನೊಂದಿಗೆ ಇಂಥ ಅಂಗಡಿಗಳ ಮುಂದೆ ಕಾದವನು ನಾನು. ಮನೆಗೆ ಮೊದಲ ಪದವೀಧರ, ಈಗ ಒಬ್ಬ ಮುದುಕಿಯ ಹೊಲ ಕಳೆಯುವವನಿದ್ದೆ.

ಫೋನಿನ ಇಂಟರ್ನೆಟ್‌ನಿಂದ, ಹಳೆಯ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ಬದಲಿಸುವ, ನಮ್ಮಂಥದೇ ಬೇರೊಂದು ಬಳಗದವರು ಬರೆದ ಪರಿವರ್ತಕ ತಂತ್ರಾಂಶ ಇಳಿಸಿಕೊಂಡೆ. ಸಿಗ್ನಲ್ ಬರುತ್ತಿತ್ತು, ಹೋಗುತ್ತಿತ್ತು. ಮೂರೂವರೆಗೆ ಕನ್ನಡ ಕಾಣಿಸಿತು, ಆದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ.

"ಕುರ್ಚಿ ಬಿಡ್ರಿ," ಎಂದು ಅಕ್ಕ ನನ್ನನ್ನು ಎಬ್ಬಿಸಿ ತಾವೇ ತಿದ್ದಲು ಕುಳಿತರು. ಹನ್ನೊಂದು ಪುಟ. ಹೆಸರು ಬಂದಲ್ಲೆಲ್ಲ ಶರಣಮ್ಮನನ್ನು ಕೇಳಿದರು. ಐದಕ್ಕೆ ಹತ್ತು ನಿಮಿಷವಿದ್ದಾಗ ಜೆರಾಕ್ಸ್ ಅಂಗಡಿಯಿಂದ ಪ್ರಿಂಟ್ ತಂದೆ. ಶರಣಮ್ಮ ಹೆಬ್ಬೆಟ್ಟು ಒತ್ತಿದಳು. ಅಕ್ಕ ಅದನ್ನು ಹಿಡಿದು ಕಚೇರಿಗೆ ಓಡಿದರು.

ಕಚೇರಿಯ ಮೊಹರು ಬಿದ್ದ ಪ್ರತಿಯನ್ನು ಮುದುಕಿಯ ಕೈಗಿಟ್ಟ ಮೇಲೆ ಅಕ್ಕ ನನ್ನ ಕಡೆ ತಿರುಗಿದರು. "ಮುಂದಿನ ಸಂತಿಗಿ ಬರ್ರಿ. ಆದ್ರ ಒಂದಿನ ನನ್ನ ಅಂಗಡ್ಯಾಗ ಸುಮ್ಮ ಕೂತು, ನಾವು ಏನ್ ಮಾಡ್ತೀವಿ ನೋಡ್ರಿ."

ಹೋಗಿ ಕೂತೆವು. ಈಗ ಯಾರ ಕಂಪ್ಯೂಟರ್ ಮುಟ್ಟುವ ಮೊದಲೂ, ಇವತ್ತು ಸಂಜೆಯೊಳಗೆ ಇದರಿಂದ ಯಾರ ಕೆಲಸ ಆಗಬೇಕಿದೆ ಎಂದು ಕೇಳುತ್ತೇನೆ. ಲಿನಕ್ಸ್ ವಿಚಾರ ಆಮೇಲೆ.